ಮೂರು ತಾಲ್ಲೂಕಿಗೆ ಒಂದು ಹಾರ

ಕಳೆದ ವಾರ ಸಾಗರದ ಪೇಟೆಗೆ ಹೋದಾಗ ಯಾರೋ ಒಂದು ನುಣುಪು ಕಾಗದವನ್ನು ನನ್ನ ಚೀಲದೊಳಗೆ ತುರುಕಿದರು. ಮನೆಗೆ ಬಂದು ಕೊತ್ತಂಬರಿ ಸೊಪ್ಪಿನ ಜೊತೆ ಅದನ್ನೂ ಹೊರಗೆ ತೆಗೆದಾಗ ಗೊತ್ತಾಯಿತು, ಹೊಸದಾಗಿ ಶುರುವಾದ ಸಭಾಭವನದ ಜಾಹೀರಾತು. ‘ಎಲ್ಲ ಬಗೆಯ ಈವೆಂಟುಗಳನ್ನು ಅಚ್ಚುಕಟ್ಟಾಗಿ ನಡೆಸಿಕೊಡುತ್ತೇವೆ’ ಎಂದು ಮೇಲೆ ಬರೆದು, ಕೆಳಗೆ ಬಗೆಗಳ ಪಟ್ಟಿ ಕೊಟ್ಟಿದ್ದರು. ಕಾನ್ಫರೆನ್ಸು, ಸೆಮಿನಾರು, ಡೀಲರ್ಸ್ ಮೀಟು, ಪ್ರಾಡಕ್ಟ್ ಲಾಂಚು, ಇನ್ನೂ ಏನೇನೋ. ಕನ್ನಡಕ ಹಾಕಿಕೊಂಡು ಎಣಿಸಿದೆ. ಹದಿನಾಲ್ಕು. ನನಗೆ ನಗು ಬಂತು. ಹದಿನಾಲ್ಕು ಬಗೆಗೆ ಇಷ್ಟು ಬಣ್ಣದ ಕಾಗದ ಬೇಕೇ? ನಮ್ಮ ಅಚ್ಯುತರಾಯರು ಅರವತ್ತರ ದಶಕದಲ್ಲೇ, ಹೊಸನಗರದಲ್ಲಿ ಕೂತು, ರೂಲು ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಬಗೆ ಮಾಡಿಟ್ಟಿದ್ದರು.

ಬಿಸಾಡಲು ಮನಸ್ಸಾಗದೆ ಆ ಕಾಗದವನ್ನು ನನ್ನ ಹೊಲಿಗೆ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟೆ. ಈ ಪೆಟ್ಟಿಗೆಯನ್ನು ನೋಡಿದವರೆಲ್ಲ ಸೂಜಿ ದಾರಕ್ಕೆ ಇಷ್ಟುದ್ದದ ಪೆಟ್ಟಿಗೆ ಯಾಕೆ ಎಂದು ಕೇಳುತ್ತಾರೆ. ಮೊಳದುದ್ದ, ಗೇಣಗಲ, ಹಿತ್ತಾಳೆಯ ಚಿಲಕ. ಮುಚ್ಚಳ ತೆಗೆದರೆ ಈಗಲೂ ಗಂಧದ ವಾಸನೆ ಬರುತ್ತದೆ ಎಂದು ನಾನು ಹೇಳುತ್ತೇನೆ. ಮನೆಯವರು ಅದು ತುಕ್ಕು ಹಿಡಿದ ಸೂಜಿಯ ವಾಸನೆ ಎನ್ನುತ್ತಾರೆ. ವಾದಕ್ಕೆ ಹೋಗುವ ವಯಸ್ಸು ನನ್ನದಲ್ಲ.

ನಾನು ಆಗ ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದಿದರೆ ಬಸ್ಸಿನಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡಾರು. ಕಚೇರಿಯಲ್ಲಿದ್ದ ಒಬ್ಬಳೇ ಹೆಂಗಸು ನಾನು. ಹೆಂಗಸು ಎಂದ ಮೇಲೆ ಪ್ರಾರ್ಥನೆ ಹಾಡಲೇಬೇಕು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ನನಗೆ ಬರುತ್ತಿದ್ದದ್ದು ಗಣಪತಿಯ ಮೇಲಿನ ಒಂದೇ ಒಂದು ಹಾಡು. ಅದರಲ್ಲೂ ಎರಡನೇ ಚರಣದ ಹತ್ತಿರ ಸ್ವರ ಮೇಲಕ್ಕೆ ಹೋಗಿಬಿಟ್ಟರೆ ಕೆಳಗಿಳಿಯಲು ನನಗೆ ದಾರಿ ಸಿಗುತ್ತಿರಲಿಲ್ಲ. ಅಕ್ಕಿ ಗಿರಣಿಯ ಆರಂಭಕ್ಕೂ ಅದೇ ಹಾಡು, ಸಸಿ ನೆಡುವುದಕ್ಕೂ ಅದೇ ಹಾಡು. ಕೈಹಿಡಿದ ಕೆಲಸ ಸುಸೂತ್ರವಾಗಿ ನಡೆಯಲಿ ಎಂದು ಬೇಡುವ ಆ ಹಾಡನ್ನು ಒಮ್ಮೆ ಶೋಕಸಭೆಯಲ್ಲೂ ಹಾಡಿದೆ. ತೀರಿಕೊಂಡವರ ಅಳಿಯ ನನ್ನನ್ನು ದುರುಗುಟ್ಟಿ ನೋಡಿದ್ದು ಇನ್ನೂ ಮರೆತಿಲ್ಲ.

ಊಟ ವಸತಿ ಸೋದರತ್ತೆಯ ಮನೆಯಲ್ಲಿ. ನಾನು ಬೆಳಿಗ್ಗೆ ಗಂಜಿ ಹಾಕಿದ ಸೀರೆ ಉಟ್ಟರೆ ಅತ್ತೆಗೆ ವಿಷಯ ತಿಳಿಯುತ್ತಿತ್ತು.

“ಎಂತ ಕೂಸೆ, ಇವತ್ತೂ ಸಭೆ ಇದ್ದ?”

“ಇದ್ದು.”

“ಅದೇ ಹಾಡಾ?”

“ಅದೇ.”

“ಹಂಗಾರೆ ಆನು ಬತ್ನಿಲ್ಲೆ,” ಎಂದು ಅತ್ತೆ ದೋಸೆ ಮಗುಚುತ್ತಿದ್ದರು.

ಅಚ್ಯುತರಾಯರು ನಮ್ಮ ಹೆಡ್ ಗುಮಾಸ್ತರು. ಮೈಸೂರು ಕಡೆಯವರು, ಕಡ್ಡಿಯಂಥ ಮೈ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಬೇಸಿಗೆಯಲ್ಲೂ ಒಂದು ಗುಂಡಿ ಸಡಿಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಊರಿನಲ್ಲಿ ಯಾರು ಏನೇ ಕಾರ್ಯಕ್ರಮ ಮಾಡಲಿ, ಸರ್ಕಾರದವರಿರಲಿ, ಅಡಿಕೆ ವರ್ತಕರಿರಲಿ, ಸೈಕಲ್ ಅಂಗಡಿ ತೆರೆಯುವವರಿರಲಿ, ಮೊದಲು ಅವರ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ರಾಯರು ಮೂಗಿನ ಮೇಲಿನ ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ, “ಇದು ಯಾವ ದರ್ಜೆಯದು?”

ಬಂದವರು ತಬ್ಬಿಬ್ಬಾಗುತ್ತಿದ್ದರು. ಆಗ ನೋಟ್‌ಬುಕ್ಕು ಹೊರಗೆ ಬರುತ್ತಿತ್ತು. ಅದರ ಪ್ರಕಾರ ಕಾಫಿ ಮುಗಿದೊಡನೆ ಮುಗಿಯುವುದು ಸಭೆ. ಮುಖ್ಯ ಅತಿಥಿಯ ಜೀಪು ಕಾಣಿಸುವ ತನಕ ಶುರುವಾಗದೆ ಇರುವುದು ಸಮಾರಂಭ. ಪರವೂರಿನಿಂದ ಬಂದವರಿಗೆ ಹಾಸಿಗೆ ಹೊಂದಿಸಬೇಕಾಗಿ ಬಂದರೆ ಅದು ಸಮ್ಮೇಳನ. ವೇದಿಕೆಯ ಮೇಲೆ ಕೂತವರು ಕೆಳಗೆ ಕೂತವರಿಗಿಂತ ಹೆಚ್ಚಾದರೆ ವಿಚಾರಗೋಷ್ಠಿ. ವರ್ತಕರ ವಾರ್ಷಿಕ ಮಹಾಸಭೆಯ ಎದುರು ‘ಜಗಳ ಖಚಿತ, ಗಾಜಿನ ಲೋಟ ಬೇಡ’ ಎಂದು ಬರೆದಿದ್ದರು. ಉದ್ಘಾಟನೆಯಲ್ಲಿ ಎರಡು ಬಗೆ: ಉಪಯೋಗಕ್ಕೆ ಮೊದಲಿನದು, ಉಪಯೋಗದ ನಂತರದ್ದು. ಎರಡು ಬೇಸಿಗೆ ಇಡೀ ಕೇರಿ ನೀರು ಸೇದಿ ಕುಡಿದ ಬಾವಿಯೊಂದನ್ನು ನಾವೇ ಉದ್ಘಾಟಿಸಿದ್ದೆವು. ಮುಖ್ಯ ಅತಿಥಿಗಳು ಬಗ್ಗಿ ನೋಡಿ, ಇಲ್ಲಿ ಸಿಹಿನೀರು ಬರುವ ಲಕ್ಷಣ ಇದೆ ಎಂದು ಭವಿಷ್ಯ ನುಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ವ್ಯಾಪಾರದ ಕಾರ್ಯಕ್ರಮಗಳಿಗೆ ರಾಯರು ಬೇರೆ ಪುಟವನ್ನೇ ಮೀಸಲಿಟ್ಟಿದ್ದರು. ನಾವು ಏನನ್ನೂ ಮಾರಲು ಬಂದಿಲ್ಲ ಎಂದು ಎಷ್ಟು ಸಲ ಹೇಳಿದರು ಎಂಬುದರ ಮೇಲೆ ಅಲ್ಲಿನ ದರ್ಜೆ. ಗೊಬ್ಬರ ಕಂಪನಿಯವರು ಮೂರು ಸಲ ಹೇಳಿದ್ದರು, ಹೊಲಿಗೆ ಯಂತ್ರದವರು ಏಳು ಸಲ. ಹೊಲಿಗೆ ಯಂತ್ರದ ಆ ಪ್ರಾತ್ಯಕ್ಷಿಕೆಯಲ್ಲಿ ಪ್ರಾರ್ಥನೆ ಮುಗಿಸಿ ಇಳಿಯುತ್ತಿದ್ದ ನನ್ನನ್ನೇ ಹಿಡಿದು, ಸಹೋದರಿಯರು ಎಷ್ಟು ಸುಲಭವಾಗಿ ಹೊಲಿಯಬಹುದು ನೋಡಿ ಎಂದು ಯಂತ್ರದ ಮುಂದೆ ಕೂರಿಸಿದರು. ನಾನು ಮಾದರಿಯ ಬಟ್ಟೆಯನ್ನು ನನ್ನ ಸೆರಗಿಗೆ ಸೇರಿಸಿ ಬಿಗಿಯಾಗಿ ಹೊಲಿದೆ. ಬಿಡಿಸಲು ಕಂಪನಿಯ ಇಬ್ಬರು ಬೇಕಾದರು. ಆ ದಿನ ಒಂದು ಯಂತ್ರವೂ ಹೋಗಲಿಲ್ಲವಂತೆ.

ಆದರೆ ಎಲ್ಲ ದರ್ಜೆಗಳ ಕೀಲಿ ಇದ್ದದ್ದು ಹಾರದಲ್ಲಿ. ಆಗ ಮೂರು ಊರಲ್ಲಿ ಮೂರು ವಸ್ತು ಇದ್ದವು. ಸಾಗರದಲ್ಲಿ ಒಂದು ಕೆಂಪು ಮಖಮಲ್ಲಿನ ಕುರ್ಚಿ, ಅದು ವರ್ತಕರದ್ದು. ತೀರ್ಥಹಳ್ಳಿಯಲ್ಲಿ ನಡುವೆ ಕೀಚು ಎನ್ನದ ಒಂದು ಮೈಕು. ಅದರ ಜೊತೆಗೇ ನಿಲ್ಲಿಸಲಾಗದ ಭಾಷಣಕಾರರೂ ಅಲ್ಲಿಂದಲೇ ಬರುತ್ತಿದ್ದರು. ನಮ್ಮ ಹೊಸನಗರದಲ್ಲಿ ಒಂದು ಗಂಧದ ಹಾರ. ಮೂರೂ ಬಸ್ಸಿನ ಟಾಪಿನ ಮೇಲೆ ಊರಿಂದೂರಿಗೆ ಓಡಾಡುತ್ತಿದ್ದವು. ಹಾರ ಮಾತ್ರ ಡ್ರೈವರ್ ಪಕ್ಕದಲ್ಲಿ. ಹೀಗಾಗಿ ಮೂರು ಊರಲ್ಲಿ ಒಂದೇ ದಿನ ದೊಡ್ಡ ಸಮಾರಂಭ ನಡೆದದ್ದೇ ಇಲ್ಲ.

ಹಾರವನ್ನು ಸಾಗರದ ಗುಡಿಗಾರರೊಬ್ಬರು ಮಾಡಿಕೊಟ್ಟದ್ದು. ಗಂಧದ ಚಕ್ಕೆಯನ್ನು ತೆಳ್ಳಗೆ ಹೆರೆದು, ಸುರುಳಿ ಮಾಡಿ, ಹೂವಿನಂತೆ ಪೋಣಿಸಿ, ಕೆಳಗೆ ಜರಿಯ ಕುಚ್ಚು ಇಳಿಬಿಟ್ಟಿದ್ದರು. ಮೇಲಿನಿಂದ ಬರುವ ದೊಡ್ಡವರಿಗೆ ಅದು. ತಾಲ್ಲೂಕಿನ ಮಟ್ಟದವರಿಗೆ ಹೂವಿನ ಹಾರ. ಖಾದಿ ಉಟ್ಟವರಿಗೆ ನೂಲಿನ ಹಾರ. ಉಳಿದವರಿಗೆ ಒಂದು ನಿಂಬೆಹಣ್ಣು.

ಇಷ್ಟು ವರ್ಷ ಒಂದೇ ಹಾರ ಸಾಕಾದದ್ದು ಹೇಗೆ ಎಂದು ನೀವು ಕೇಳಬಹುದು. ವೇದಿಕೆ ಹತ್ತಿ ರೂಢಿಯಿದ್ದವರೆಲ್ಲ ಹಾರ ಕೊರಳಿಗೆ ಬಿದ್ದ ಮರುಗಳಿಗೆ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಅದು ದೊಡ್ಡವರ ಲಕ್ಷಣ. “ಅವರ ವಿನಯವೇ ನಮ್ಮ ಹಾರದ ಆಯಸ್ಸು ಕಣಮ್ಮ,” ಎನ್ನುತ್ತಿದ್ದರು ರಾಯರು. ವಂದನಾರ್ಪಣೆ ಮುಗಿಯುತ್ತಿದ್ದಂತೆ ನಾನು ಹಿಂದಿನಿಂದ ಈ ಪೆಟ್ಟಿಗೆ ಹಿಡಿದು ಬಂದು ಮೇಜಿನ ಮೇಲಿನ ಹಾರವನ್ನು ಒಳಗಿಡಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಕಾರ್ಯಕ್ರಮದ ಎದುರು ‘ಹಾರ ವಾಪಸು ಬಂತೇ?’ ಎಂಬ ಕಾಲಂ, ಅದರ ಪಕ್ಕ ಷರಾ ಬರೆಯುವ ಜಾಗ. ರಾಯರ ಮುತ್ತಿನಂಥ ಅಕ್ಷರದಲ್ಲಿ ಪುಟದ ಮೇಲೆ ಪುಟ ‘ಬಂದಿದೆ, ಬಂದಿದೆ’ ಎಂದೇ ಇತ್ತು. ಷರಾ ಖಾಲಿ.

ಅವರು ನಿವೃತ್ತಿಯಾಗಬೇಕಿದ್ದ ತಿಂಗಳಲ್ಲಿ ಬತ್ತದ ಬೆಳೆ ಸ್ಪರ್ಧೆಯ ಬಹುಮಾನ ವಿತರಣೆ ಬಂತು. ಮೊದಲ ಬಹುಮಾನ ಮಾಸ್ತಿಕಟ್ಟೆ ಕಡೆಯ ಚೌಡಪ್ಪ ಎಂಬ ಗೇಣಿ ರೈತನಿಗೆ. ಐವತ್ತರ ಹತ್ತಿರದ ಆಳು, ಹುಟ್ಟಿದ ಮೇಲೆ ವೇದಿಕೆ ಹತ್ತಿದ್ದು ಅವತ್ತೇ. ದರ್ಜೆಯ ಪ್ರಕಾರ ಅವರ ಕೈಗೆ ಒಂದು ನಿಂಬೆಹಣ್ಣು ಬಂತು. ಗಂಧದ ಹಾರ ಶಿವಮೊಗ್ಗದಿಂದ ಬಂದಿದ್ದ ದೊಡ್ಡ ಸಾಹೇಬರ ಕೊರಳಿಗೆ ಬಿತ್ತು. ಅವರೂ ರೂಢಿಯಂತೆ ತಕ್ಷಣ ತೆಗೆದರು. ಮೇಜಿನ ಕಡೆಗೆ ಕೈ ಹೋಯಿತು. ಅಷ್ಟರಲ್ಲಿ ಅವರಿಗೆ ಏನನ್ನಿಸಿತೋ, “ಈ ಗೌರವ ಸಲ್ಲಬೇಕಾದ್ದು ನಿಜವಾದ ರೈತನಿಗೆ,” ಎಂದು ಮೈಕಿನಲ್ಲಿ ಹೇಳಿ, ಹಾರವನ್ನು ಚೌಡಪ್ಪನವರ ಕೊರಳಿಗೆ ಹಾಕಿಬಿಟ್ಟರು.

ಚಪ್ಪಾಳೆ ಭೋರ್ಗರೆಯಿತು. ರಾಯರ ಎರಡು ಕೈ ಮಾತ್ರ ಒಂದು ಸಲ ಕೂಡಿದ್ದು ಹಾಗೇ ಅಂಟಿಕೊಂಡು ನಿಂತವು.

ವಂದನಾರ್ಪಣೆ ಮುಗಿಯಿತು. ನಾನು ಪೆಟ್ಟಿಗೆ ಹಿಡಿದು ಬಂದೆ. ಮೇಜಿನ ಮೇಲೆ ಏನೂ ಇಲ್ಲ. ಚೌಡಪ್ಪನವರು ಹಾರ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದಾರೆ. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ, ಮುಚ್ಚಳ ತೆರೆದ ಪೆಟ್ಟಿಗೆಯನ್ನು ಅವರ ಮುಂದೆ ಚಾಚಿದೆ, ಅರ್ಥ ಮಾಡಿಕೊಳ್ಳಲಿ ಎಂದು. ಅವರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಇದೂ ಒಂದು ಶಾಸ್ತ್ರವಿರಬೇಕು ಎಂದುಕೊಂಡು, ಕೈಯಲ್ಲಿದ್ದ ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯೊಳಗೆ ಇಟ್ಟರು. ಆಮೇಲೆ ಕೈಮುಗಿದು, ವೇದಿಕೆ ಇಳಿದು, ಹಾರದ ಸಮೇತ ಮಾಸ್ತಿಕಟ್ಟೆ ಬಸ್ಸು ಹತ್ತಿದರು.

ಕಚೇರಿಯಲ್ಲಿ ರಾಯರು ಮುಚ್ಚಳ ತೆಗೆದರು.

“ಇದೇನಮ್ಮ?”

“ನಿಂಬೆಹಣ್ಣು ಸಾರ್.”

“ಅದು ಕಾಣುತ್ತೆ. ಹಾರ?”

“ಬಸ್ಸು ಹತ್ತಿತು ಸಾರ್.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೂತರು. ಅವತ್ತು ಸೋಮವಾರ. ಶುಕ್ರವಾರ ತೀರ್ಥಹಳ್ಳಿಗೆ ಮಂತ್ರಿಗಳು ಬರುವವರಿದ್ದರು. ಹಾರ ಕಳಿಸುತ್ತೇನೆ ಎಂದು ರಾಯರು ಮಾತು ಕೊಟ್ಟಿದ್ದರು. ಹೊಸದು ಮಾಡಿಸೋಣವೆಂದರೆ ಗಂಧ ಸರ್ಕಾರದ ಸ್ವತ್ತು, ಅಪ್ಪಣೆಯ ಕಾಗದ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮಂತ್ರಿಗಳೇ ಬದಲಾಗಿರುತ್ತಾರೆ. ಇಡೀ ಸರ್ವೀಸಿನಲ್ಲಿ ಬೀಳದ ಒಂದು ‘ಇಲ್ಲ’ ಕೊನೆಯ ತಿಂಗಳಲ್ಲಿ ಬೀಳಲಿತ್ತು, ಅದೂ ನನ್ನ ದೆಸೆಯಿಂದ. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ನಿಂಬೆಹಣ್ಣನ್ನು ನಮ್ಮತ್ತೆ ಉಪ್ಪಿನಕಾಯಿ ಭರಣಿಗೆ ಸೇರಿಸಿದರು.

ಬುಧವಾರ ಸಂಜೆ ರಾಯರು ಕರೆದರು. “ಪ್ಯೂನ್‌ನ ಕಳಿಸಿದರೆ ಜಪ್ತಿ ಮಾಡಿದ ಹಾಗಾಗುತ್ತೆ. ನಾನು ಹೋದರೆ ಸರ್ಕಾರವೇ ಹೋದ ಹಾಗೆ. ನೀವು ಹೋಗಿ ಸುನಂದಮ್ಮ. ಹೂವಿನ ಹಾರ ತಗೊಂಡು ಹೋಗಿ, ಅದನ್ನು ಕೊಟ್ಟು ಇದನ್ನು ತನ್ನಿ.”

“ಏನಂತ ಕೇಳಲಿ ಸಾರ್?”

“ಅದು ನನಗೂ ಗೊತ್ತಿಲ್ಲ. ದರ್ಜೆಯಲ್ಲೇ ಇಲ್ಲದ ಸಂದರ್ಭ.”

ಗುರುವಾರ ಬೆಳಗಿನ ಬಸ್ಸಿನಲ್ಲಿ ಬಾಳೆಲೆಯಲ್ಲಿ ಸುತ್ತಿದ ಹೂವಿನ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಕಂಡಕ್ಟರ್ ಬಗ್ಗಿ ನೋಡಿದ. “ಮಾಲೆ ಯಾರಿಗಮ್ಮ?”

“ಚೌಡಪ್ಪನವರಿಗೆ.”

“ಅವ್ರಿಗೆ ಆಗ್ಲೇ ಒಂದು ಬಿದ್ದದಲ್ಲ. ಮತ್ತೊಂದಾ? ಆ ಕುತ್ತಿಗೆ ಪುಣ್ಯ ಮಾಡಿತ್ತು ಬಿಡಿ.”

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸರ್ಕಾರದ ನಿಯಮ ಎನ್ನಲೇ, ಹಾರ ತೊಳೆಸಲು ಬೇಕು ಎನ್ನಲೇ? ಗಂಧದ ಹಾರ ತೊಳೆಯುತ್ತಾರೆಯೇ ಎಂದು ಅವರು ಕೇಳಿದರೆ? ಬಸ್ಸು ಇಳಿದು ಗದ್ದೆಯ ಅಂಚು ಹಿಡಿದು ಮನೆಯಂಗಳಕ್ಕೆ ಹೋದೆ. ಚೌಡಪ್ಪನವರು ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕೊರಳಲ್ಲಿ ಹಾರ. ಕತ್ತು ತಿರುಗಿಸದೆ, ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿದರು.

“ಬಂದ್ರಾ ಅಮ್ಮಾ. ನ್ವಾಡಿ, ನಾಕು ದಿನದಿಂದ ಕಾಯ್ತಾ ಇದೀನಿ.”

“ಯಾಕೆ?”

“ಇದನ್ನ ತೆಗೀಬೋದಾ ಅಂತ ಕೇಳಕೆ.”

ನನಗೆ ಅರ್ಥವಾಗಲಿಲ್ಲ.

“ಹಾಕಿದೋರು ಅಷ್ಟು ದೊಡ್ಡೋರು. ತೆಗಿ ಅಂತ ಯಾರೂ ಹೇಳ್ಲಿಲ್ಲ. ನಾನಾಗೆ ತೆಗೆದ್ರೆ ಸರ್ಕಾರಕ್ಕೆ ಅವಮಾನ ಮಾಡ್ದಂಗೆ ಆಗ್ತದೇನೋ ಅಂತ ಹೆದರ್ಕಂಡು ಕೂತೀನಿ.”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗಂಗಮ್ಮ ತಡೆಯಲಾರದೆ ಹೊರಗೆ ಬಂದರು. “ನಾಕು ದಿನ ಆತು. ಸ್ನಾನ ಇಲ್ಲ, ಗದ್ದೆ ಇಲ್ಲ. ಮಲಗಿದ್ರೂ ಮಗ್ಗಲು ಬದಲಿಸಲ್ಲ, ಸುರುಳಿ ಮುರೀತದಂತೆ. ಕೊಟ್ಟಿಗೆಗೆ ಹೋದ್ರೆ ಎಮ್ಮೆ ಗುರ್ತು ಸಿಗದೆ ಒದೀತು. ನೀವಾದ್ರೂ ಒಂದು ದಾರಿ ಮಾಡಿ ಹೋಗಿ ಅಮ್ಮಾ.”

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. “ತೆಗೀಬಹುದು, ಧಾರಾಳವಾಗಿ ತೆಗೀಬಹುದು. ಈಗಲೇ ತೆಗೀರಿ,” ಎಂದೆ. ಅಷ್ಟರಲ್ಲಿ ನಾನು ಬಂದ ಸುದ್ದಿ ಹರಡಿ ನೆರೆಹೊರೆಯವರು ಅಂಗಳದಲ್ಲಿ ಸೇರಿದ್ದರು. ಅವರಲ್ಲಿ ಹಿರಿಯರಾದ ಈರಪ್ಪ ಎಂಬುವರು ಕೈ ಅಡ್ಡ ಹಿಡಿದರು.

“ಹಂಗೆಲ್ಲ ಸುಮ್ನೆ ತೆಗಿಯಕೆ ಆಗ್ತದಾ? ಹಾಕುವಾಗ ಪ್ರಾರ್ಥನೆ ಆಗಿತ್ತು, ಭಾಷಣ ಆಗಿತ್ತು, ಚಪ್ಪಾಳೆ ಆಗಿತ್ತು. ತೆಗಿವಾಗ್ಲೂ ಅಷ್ಟೂ ಆಗ್ಬೇಕಲ್ಲ.”

ಇದರಲ್ಲಿ ತಪ್ಪೇನಿದೆ, ಹೇಳಿ. ಕಣದಲ್ಲಿ ಒಂದು ಬೆಂಚು ಹಾಕಿದರು. ಅಧ್ಯಕ್ಷತೆಗೆ ಸರ್ಕಾರದ ಕಡೆಯವರು ಬೇಕೆಂದು ನನ್ನನ್ನೇ ಕೂರಿಸಿದರು. ಅಧ್ಯಕ್ಷರೇ ಎದ್ದು ಪ್ರಾರ್ಥನೆ ಹಾಡಿದ್ದು ಬಹುಶಃ ಅದೊಂದೇ ಕಡೆ. ಎರಡನೇ ಚರಣದಲ್ಲಿ ಸ್ವರ ಎಂದಿನಂತೆ ಮೇಲೆ ಹೋಗಿ ಸಿಕ್ಕಿಕೊಂಡಿತು. ಕೇರಿಯ ನಾಯಿಯೊಂದು ಜೊತೆ ಕೊಟ್ಟಿತು. ಈರಪ್ಪ ಸ್ವಾಗತ ಕೋರಿದರು. ನಾನು ಎರಡು ಮಾತಾಡಿದೆ. ಏನು ಹೇಳಿದೆ ಎಂದು ನೆನಪಿಲ್ಲ, ಜಪಾನ್ ಪದ್ಧತಿಯ ನಾಟಿ ಎಂದು ಎಲ್ಲೋ ಒಂದು ಕಡೆ ಬಂತು. ಆಮೇಲೆ ಚೌಡಪ್ಪನವರ ಮುಂದೆ ನಿಂತು, ಎರಡೂ ಕೈಯಿಂದ ಹಾರವನ್ನು ಮೇಲೆತ್ತಿ ತೆಗೆದೆ. ಜನ ಚಪ್ಪಾಳೆ ಹೊಡೆದರು. ಗಂಗಮ್ಮ ಎಲ್ಲರಿಗಿಂತ ಜೋರಾಗಿ ಹೊಡೆದರು. ನಾನು ಹೂವಿನ ಹಾರ ಹಾಕಲು ಕೈ ಎತ್ತಿದರೆ ಚೌಡಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು.

“ಇದನ್ನ ಯಾವಾಗ ತೆಗಿಬೇಕು, ಈಗ್ಲೇ ಹೇಳ್ಬಿಡಿ.”

ಅವಲಕ್ಕಿ ತಿಂದು, ಮಜ್ಜಿಗೆ ಕುಡಿದು ಹೊರಟೆ. ಚೌಡಪ್ಪನವರು ರಸ್ತೆಯವರೆಗೆ ಬಂದರು. ನಡೆಯುವಾಗ ಅವರ ಕೈ ಮತ್ತೆ ಮತ್ತೆ ಕೊರಳಿಗೆ ಹೋಗುತ್ತಿತ್ತು.

“ಭಾರ ಇತ್ತಾ?” ಎಂದು ಕೇಳಿದೆ.

“ಭಾರ ಎಂತದೂ ಇರ್ಲಿಲ್ಲ ಅಮ್ಮಾ.” ಗದ್ದೆಯ ಅಂಚು ದಾಟಿದ ಮೇಲೆ ಹೇಳಿದರು. “ಮೊನ್ನೆ ಇದನ್ನ ಹಾಕ್ಕಂಡೇ ಗದ್ದೆ ಒಡೇರ ಮನೆಗೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ಹೋಗ್ತೀನಿ ಆ ಮನೆಗೆ, ಅಂಗಳ ದಾಟಿರ್ಲಿಲ್ಲ. ಮೊನ್ನೆ ಜಗಲಿ ಮೇಲೆ ಕೂರ್ಸಿದ್ರು. ಕೂತ್ಕ ಚೌಡಪ್ಪ ಅಂದ್ರು.”

ಬಸ್ಸು ಬಂತು. ಅವರು ನಗುತ್ತಲೇ ಕಳಿಸಿಕೊಟ್ಟರು. ಆದರೆ ನನಗೆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನಾಚಿಕೆಯಾಯಿತು. ಜೇಬುಗಳ್ಳಿಯ ಹಾಗೆ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದೆ.

ಸಂಜೆ ಕಚೇರಿಯಲ್ಲಿ ರಾಯರು ಹಾರವನ್ನು ಮೇಜಿನ ಮೇಲೆ ಹರಡಿ ಒಂದೊಂದು ಸುರುಳಿಯನ್ನೂ ಮುಟ್ಟಿ ನೋಡಿದರು. ಒಂದೂ ಮುರಿದಿರಲಿಲ್ಲ. ನೋಟ್‌ಬುಕ್ಕು ತೆಗೆದು ಸೋಮವಾರದ ಸಾಲಿನಲ್ಲಿ ‘ಬಂದಿದೆ’ ಎಂದು ಬರೆದರು. ಕಣದಲ್ಲಿ ನಡೆದದ್ದನ್ನು ನನ್ನಿಂದ ಎರಡು ಸಲ ಹೇಳಿಸಿ, ಹೊಸ ಸಾಲು ಎಳೆದು, ಮೂವತ್ತೊಂದನೆಯ ಬಗೆ ಸೇರಿಸಿದರು: ಹಾರ ತೆಗೆಯುವ ಸಮಾರಂಭ. ಶಾಯಿ ಒಣಗಿದ ಮೇಲೂ ಪುಸ್ತಕ ಮುಚ್ಚಲಿಲ್ಲ. ಒಡೆಯರು ಚೌಡಪ್ಪನವರನ್ನು ಜಗಲಿಯ ಮೇಲೆ ಕೂರಿಸಿದ ಮಾತನ್ನೂ ನಾನು ಹೇಳಿದೆ.

“ನಾಲ್ಕು ದಿನವೂ ಹಾಕ್ಕೊಂಡೇ ಇದ್ದರಾ?”

“ಹೌದು ಸಾರ್.”

“ಭಾರ ಇರಲಿಲ್ಲವಂತಾ?”

“ಎಂತದೂ ಇರಲಿಲ್ಲ ಅಂದರು.”

“ನಾನು ಇಷ್ಟು ವರ್ಷ ಕೈಯಲ್ಲಿ ಎತ್ತಿ ಎತ್ತಿ ಕೊಟ್ಟಿದ್ದೀನಿ,” ಎಂದರು ರಾಯರು. “ಕೈಗೆ ಭಾರ ಅನ್ನಿಸೋದು.”

ಮರುದಿನ ತೀರ್ಥಹಳ್ಳಿಯ ಸಮಾರಂಭ ಚೆನ್ನಾಗಿಯೇ ಆಯಿತು. ಸಾಗರದ ಕುರ್ಚಿ ಬಂದಿತ್ತು, ಮೈಕು ಕೀಚು ಎನ್ನಲಿಲ್ಲ, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರು ಒಂದು ನಿದ್ದೆ ತೆಗೆದಿದ್ದರು. ಮಂತ್ರಿಗಳು ಹಾರವನ್ನು ಕೊರಳಿಗೆ ಬೀಳುವ ಮೊದಲೇ ತೆಗೆದರು ಎನ್ನಬೇಕು. ಅಷ್ಟು ವಿನಯ. ಅದಕ್ಕಾಗಿ ನಾನು ಚೌಡಪ್ಪನವರ ಕೊರಳು ಬರಿದು ಮಾಡಿದ್ದೆ.

ತಿಂಗಳ ಕೊನೆಗೆ ರಾಯರ ಬೀಳ್ಕೊಡುಗೆ. ಅದಕ್ಕೂ ಅವರೇ ಮೊದಲೇ ಏರ್ಪಾಡು ಬರೆದಿಟ್ಟಿದ್ದರು. ‘ಗುಮಾಸ್ತ ವರ್ಗ. ಹಾರ ಇಲ್ಲ. ನಿಂಬೆಹಣ್ಣು ಒಂದು. ಭಾಷಣ ಎರಡು. ಉಪ್ಪಿಟ್ಟು.’ ಒಂದು ಸಲಕ್ಕಾದರೂ ಗಂಧದ ಹಾರ ಇರಲಿ ಎಂದು ನಾನು ಅಂದದ್ದಕ್ಕೆ, “ದರ್ಜೆ ಮೀರಬಾರದು ಸುನಂದಮ್ಮ. ನಾನೇ ಮೀರಿದರೆ ಉಳಿದವರಿಗೆ ಏನು ಹೇಳಲಿ?” ಎಂದರು. ಹಾಗೆ ಹೇಳುವಾಗ ಅವರ ಕೈ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು, ಬೆಕ್ಕಿನ ತಲೆ ಸವರುವ ಹಾಗೆ ಸವರುತ್ತಿತ್ತು. ನನಗೆ ಅಲ್ಲೇ ನಿಶ್ಚಯವಾಯಿತು.

ಕೊನೆಯ ದಿನ ಬೆಳಿಗ್ಗೆ ಅವರು ಕ್ರಮಪ್ರಕಾರ ಚಾರ್ಜು ವಹಿಸಿಕೊಟ್ಟರು. ಫೈಲುಗಳು ಹೊಸ ಗುಮಾಸ್ತರಿಗೆ. ನೋಟ್‌ಬುಕ್ಕು ಮತ್ತು ಪೆಟ್ಟಿಗೆ ನನಗೆ. ಸಹಿ ಮಾಡಿಸಿಕೊಂಡರು. ಸಹಿ ಬಿದ್ದ ಮೇಲೆ ದರ್ಜೆ ಹೇಳುವವಳು ನಾನು. ಅವರು ಬರೆದಿದ್ದ ‘ಹಾರ ಇಲ್ಲ’ ಎಂಬುದನ್ನು ಹೊಡೆದುಹಾಕಿದೆ. ಹಿಂದಿನ ವಾರವೇ ಮಾಸ್ತಿಕಟ್ಟೆ ಕಡೆಗೆ ಒಂದು ಕಾರ್ಡೂ ಹಾಕಿದ್ದೆ.

ಮಧ್ಯಾಹ್ನ ಕಚೇರಿಯ ಹಜಾರದಲ್ಲಿ ಬೆಂಚು ಹಾಕಿದರು. ರಾಯರ ಹೆಂಡತಿ ಬಂದು ಮುಂದಿನ ಸಾಲಿನ ತುದಿಯಲ್ಲಿ ಕೂತರು. ಅಷ್ಟು ಕಾರ್ಯಕ್ರಮ ನಡೆಸಿದವರ ಹೆಂಡತಿ ಒಂದು ಕಾರ್ಯಕ್ರಮಕ್ಕೆ ಬಂದದ್ದು ಅದೇ ಮೊದಲು. ಎಂದೂ ಬಾರದ ನಮ್ಮತ್ತೆಯೂ ಬಂದಿದ್ದರು. ಹಾಡು ಮುಗಿಯುವವರೆಗೆ ಬಾಗಿಲ ಹೊರಗೆ ನಿಂತಿದ್ದು ಆಮೇಲೆ ಒಳಗೆ ಬಂದರು. ನಿಂಬೆಹಣ್ಣು ಕೊಟ್ಟಾಯಿತು. ರಾಯರು ಅದನ್ನು ಕೈಯಲ್ಲಿ ಹಿಡಿದು, ಎಲ್ಲವೂ ದರ್ಜೆಯ ಪ್ರಕಾರ ನಡೆದ ಸಮಾಧಾನದಲ್ಲಿ ಕೂತಿದ್ದರು. ಆಗ ಹಿಂದಿನ ಬೆಂಚಿನಿಂದ ಚೌಡಪ್ಪನವರು ಎದ್ದು ಬಂದರು. ಒಗೆದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ನಾನು ಪೆಟ್ಟಿಗೆ ತೆರೆದು ಹಿಡಿದೆ. ಅವರು ಹಾರವನ್ನು ಎತ್ತಿ ರಾಯರ ಕೊರಳಿಗೆ ಹಾಕಿದರು. ರಾಯರ ಮುಖ ಬಿಳಿಚಿಕೊಂಡಿತು. ಚೌಡಪ್ಪನವರು ಬಗ್ಗಿ, ಅವರಿಗೆ ಮಾತ್ರ ಕೇಳುವಂತೆ, ಎಂದರೆ ಮೂರನೇ ಸಾಲಿನವರೆಗೆ ಕೇಳುವಂತೆ, ಹೇಳಿದರು: “ಹೆದರ್ಕಬ್ಯಾಡಿ ಸಾರ್. ಭಾರ ಇಲ್ಲ.”

ರಾಯರ ಬಲಗೈ ತಾನಾಗಿ ಮೇಲೆ ಬಂತು. ಸಾವಿರ ಸಲ ಬೇರೆಯವರು ಮಾಡಿದ್ದನ್ನು ನೋಡಿದ ಕೈ. ನಾವೆಲ್ಲ ನೋಡುತ್ತಿದ್ದೆವು. ಕೈ ಹಾರದ ಕುಚ್ಚನ್ನು ಮುಟ್ಟಿತು, ಹಿಡಿಯಿತು, ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಿಟ್ಟು ಮಂಡಿಯ ಮೇಲೆ ಬಂದು ಕೂತಿತು. ನಮ್ಮ ಕಚೇರಿಯ ಸಾಹೇಬರು ಮಾತಾಡಿದರು, ಇನ್ನೊಬ್ಬರು ಮಾತಾಡಿದರು. ರಾಯರು ತೆಗೆಯಲಿಲ್ಲ.

ವಂದನಾರ್ಪಣೆ ನನ್ನದೇ. ಮುಗಿಸಿ, ಅಭ್ಯಾಸಬಲದಿಂದ ಪೆಟ್ಟಿಗೆಯ ಮುಚ್ಚಳ ತೆರೆದು ಅವರ ಮುಂದೆ ನಿಂತೆ. ನಿಯಮ ಮಾಡಿದವರು ಅವರು, ಕಲಿಸಿದವರು ಅವರು. ಮುಂದಿನ ಸೋಮವಾರ ಸಾಗರಕ್ಕೆ ಹಾರ ಹೋಗಬೇಕು ಎಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ರಾಯರು ಖಾಲಿ ಪೆಟ್ಟಿಗೆಯನ್ನು ನೋಡಿದರು. ಮುಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯೊಳಗೆ ಇಟ್ಟು, ನನಗೆ ಕೈಮುಗಿದರು.

ನಾನು ಮುಚ್ಚಳ ಹಾಕಿದೆ.

ಗಂಡಹೆಂಡತಿ ಇಬ್ಬರೂ ಪೇಟೆಯ ನಡುವೆಯೇ ನಡೆದುಕೊಂಡು ಮನೆಗೆ ಹೋದರು. ರಾಯರ ಕೋಟಿನ ಮೇಲಿನ ಗುಂಡಿ ಬಿಚ್ಚಿತ್ತು, ಹಾರಕ್ಕೆ ಜಾಗ ಬೇಕಲ್ಲ. ಅಂಗಡಿಗಳಲ್ಲಿ ಕೂತಿದ್ದವರು ಎದ್ದು ನಿಂತು ನಮಸ್ಕಾರ ಹೇಳಿದರು. ಸಾಗರದವರು ಆಮೇಲೆ ಸಿಟ್ಟಾಗಿ ಎರಡು ವರ್ಷ ಕುರ್ಚಿ ಕೊಡಲಿಲ್ಲ. ಹಾರವಿಲ್ಲದ ಪೆಟ್ಟಿಗೆ ಯಾರಿಗೂ ಬೇಡವಾಗಿ ನನ್ನ ಬಳಿಯೇ ಉಳಿಯಿತು.

ಅವತ್ತು ಎಲ್ಲರೂ ಹೋದ ಮೇಲೆ ನೋಟ್‌ಬುಕ್ಕು ತೆರೆದು ಕೂತೆ. ‘ಹಾರ ವಾಪಸು ಬಂತೇ?’ ಎಂಬುದರ ಕೆಳಗೆ ಆ ಪುಸ್ತಕದ ಮೊದಲ ‘ಇಲ್ಲ’ ಬರೆದೆ. ಷರಾ ಎಂಬಲ್ಲಿ ಸ್ವಲ್ಪ ಯೋಚಿಸಿ ಬರೆದೆ: ‘ಅತಿಥಿಗಳು ತೆಗೆಯಲಿಲ್ಲ. ನಾನು ಕೇಳಲಿಲ್ಲ.’